ಗುಂಡಯ್ಯನ ಹೊಟ್ಟೆಗೆ ಊರು ಹೂ ಕೇಳಿದ್ದು

ಹೊಂಗೇಕೊಪ್ಪಲಿನಲ್ಲಿ ಮರ ಹತ್ತುವ ಗುಂಡಯ್ಯ ಒಬ್ಬನೇ ಆದರೂ ಊರಿಗೆ ಇಬ್ಬರು ಗುಂಡಯ್ಯಂದಿರ ಪರಿಚಯವಿತ್ತು. ಒಬ್ಬ ನೆಲದ ಮೇಲಿನವನು, ಇನ್ನೊಬ್ಬ ತೆಂಗಿನ ಮರದ ಮೇಲಿನವನು. ನೆಲದ ಮೇಲಿನ ಗುಂಡಯ್ಯ ತೀರಾ ಸಾಧು. ತೋಟದ ಯಜಮಾನ ಕಾಂತರಾಜು ಎದುರಿಗೆ ಬಂದರೆ ಇವನ ಹೆಗಲ ಮೇಲಿನ ಟವೆಲ್ಲು ಯಾರೂ ಹೇಳದೆಯೇ ಕಂಕುಳಿಗೆ ಇಳಿಯುತ್ತಿತ್ತು. ಬಾಯಿಂದ 'ಗೌಡ್ರೇ' ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಅದೇ ಗುಂಡಯ್ಯ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರದ ತುದಿ ಮುಟ್ಟಿದನೋ, ಮುಗಿಯಿತು.

"ಏಯ್ ಕಾಂತ್ರಾಜು! ಪಕ್ಕಕ್ಕೋಗಲೋ! ಅಲ್ಲೇನು ಬಾಯಿ ಬಿಟ್ಕಂಡು ನಿಂತಿದ್ದೀಯೆ, ತಲೆ ಎರಡು ಓಳಾಗ್ತದೆ!"

ಎರಡು ಸಲ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದ ಕಾಂತರಾಜು ಪಂಚೆ ಎತ್ತಿ ಹಿಡಿದು ಓಡುತ್ತಿದ್ದ. ಗೊನೆ ಬೀಳುವ ಹೊತ್ತಿನಲ್ಲಿ ಮರ್ಯಾದೆ ಕೊಡಲು ಪುರಸೊತ್ತಿಲ್ಲ ಎಂಬುದು ಗುಂಡಯ್ಯನ ವಾದ. ಊರೂ ಅದನ್ನು ಒಪ್ಪಿಕೊಂಡಿತ್ತು. ಗುಂಡಯ್ಯ ಕೆಳಗಿಳಿದ ಮೇಲೆ ಟವೆಲ್ಲು ಮತ್ತೆ ಕಂಕುಳಿಗೆ, ಏಕವಚನ ಮತ್ತೆ ಗೌಡರ ಬಾಯಿಗೆ. ಇಬ್ಬರೂ ಏನೂ ನಡೆದಿಲ್ಲವೆಂಬಂತೆ ಕಾಯಿ ಎಣಿಸುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷದಿಂದ ನಡೆದುಬಂದ ಏರ್ಪಾಡು ಅದು, ಯಾರೂ ಬಾಯಿಬಿಟ್ಟು ಮಾತಾಡಿಕೊಂಡದ್ದಲ್ಲ.

ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ಕಡೆಯ ಈ ಊರಿನ ತೆಂಗಿನ ಮರಗಳು ಈಗಿನ ಯಜಮಾನರ ಅಜ್ಜಂದಿರು ನೆಟ್ಟವು. ಅಜ್ಜಂದಿರು ಹೋದರು, ಮರಗಳು ಬೆಳೆಯುತ್ತಲೇ ಹೋದವು. ಎಳೆ ಮರಗಳಿಗೆ ದೋಟಿಯಲ್ಲಿ ಕೆಳಗಿನಿಂದಲೇ ಎಳೆದರಾಯಿತು. ಈ ಹಳೆಯ ಮರಗಳಿಗೆ ಎಷ್ಟು ಉದ್ದದ ದೋಟಿ ತಂದರೂ ಅದು ಮರದ ಕತ್ತು ತುರಿಸುವಷ್ಟೇ. ಹಾಗಾಗಿ ಗುಂಡಯ್ಯನೇ ಗತಿ. ಅವನಿಗೂ ಅದು ಗೊತ್ತಿತ್ತು, ಗೊತ್ತಿರುವುದನ್ನು ಮುಚ್ಚಿಡುವ ಅಭ್ಯಾಸವೂ ಅವನಿಗಿರಲಿಲ್ಲ. ಮರದ ಮೇಲಿಂದ ಯಾರ ಹಿತ್ತಲಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಕೂಗಿ ಹೇಳುವುದನ್ನು ಅವನು ಊರಿನ ಸೇವೆ ಎಂದೇ ತಿಳಿದಿದ್ದ.

ಅವನು ಮುಚ್ಚಿಟ್ಟದ್ದು ಒಂದೇ, ಹೊಟ್ಟೆಯ ಕೆಳಗೆ ಎದ್ದಿದ್ದ ಗಡ್ಡೆ. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಒಂದೆರಡು ವರ್ಷ ಅದರ ಮೇಲೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಮರ ಹತ್ತಿದ. ಹೆಂಡತಿ ಪಾರ್ವತಮ್ಮ ಆಸ್ಪತ್ರೆಗೆ ತೋರಿಸು ಎಂದಾಗಲೆಲ್ಲ, "ಗಂಡಸ್ರಿಗೆ ಇದೆಲ್ಲ ಇದ್ದದ್ದೇಯ" ಎನ್ನುತ್ತಿದ್ದ. ಹರ್ನಿಯಾ ಎಂಬುದು ಗಂಡಸುತನದ ಲಕ್ಷಣವೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ.

ಒಂದು ಬೆಳಿಗ್ಗೆ ಕಾಂತರಾಜುವಿನ ಮರದ ತುದಿಯಲ್ಲಿದ್ದಾಗ ಹೊರಗೆ ಬಂದ ಗಡ್ಡೆ ಒಳಗೆ ಹೋಗಲಿಲ್ಲ. ಹೊಟ್ಟೆಯಲ್ಲಿ ಯಾರೋ ಕರುಳನ್ನು ಬಟ್ಟೆ ಹಿಂಡಿದಂತೆ ಹಿಂಡಿದರು. ಗುಂಡಯ್ಯ ಮರ ತಬ್ಬಿಕೊಂಡು ಕಣ್ಣು ಮುಚ್ಚಿದ. ಕೆಳಗಿನಿಂದ ಕಾಂತರಾಜು ಕೂಗಿದ.

"ಆ ಮೂಡಲ ಕಡೆ ಗೊನೆ ಬಿಟ್ಬುಟ್ಟೆ ಕಣ್ಲಾ!"

ಹೇಗೆ ಇಳಿದನೆಂಬುದು ಗುಂಡಯ್ಯನಿಗೂ ಗೊತ್ತಿಲ್ಲ. ಆಟೋದಲ್ಲಿ ಚನ್ನರಾಯಪಟ್ಟಣ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಸಿಕ್ಕಿಕೊಂಡಿದ್ದ ಕರುಳನ್ನು ಬಿಡಿಸಿ, ತೂತಿಗೆ ಒಳಗಿನಿಂದ ಒಂದು ಬಲೆ ಹಾಕಿ ಹೊಲಿದರು. ಮೂರು ತಿಂಗಳು ಭಾರ ಎತ್ತಬೇಡ, ಮರದ ಕಡೆ ತಲೆ ಹಾಕಬೇಡ, ಆಮೇಲೆ ಬಂದು ತೋರಿಸು ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮೇಲೆ ನೋಡಲು ಬರುವವರ ಕಾಟ ಶುರುವಾಯಿತು. ಆಪರೇಷನ್ ಆದವರನ್ನು ನೋಡಲು ಹೋಗುವವರು ನಮ್ಮ ಕಡೆ ಎರಡು ವಸ್ತು ತಪ್ಪದೆ ಒಯ್ಯುತ್ತಾರೆ, ಒಂದು ಬ್ರೆಡ್ಡು, ಇನ್ನೊಂದು ಅದೇ ಆಪರೇಷನ್ ಆಗಿ ಸತ್ತವರ ಕಥೆ. ಬ್ರೆಡ್ಡು ಮರೆತರೂ ಕಥೆ ಮರೆಯುವುದಿಲ್ಲ.

"ನಮ್ ಸೋದರಮಾವಂಗೂ ಇದೇ ಆಪ್ರೇಷನ್ನು ಕಣ್ಲಾ ಗುಂಡ," ಎಂದ ಕಾಂತರಾಜು, ಅಂಗಳದಲ್ಲೇ ನಿಂತು. "ಚೆನ್ನಾಗೇ ಇದ್ದ. ರಾಗಿ ಮುದ್ದೆ ಉಣ್ತಿದ್ದ. ಒಂದಿನ ಕೂತಂಗೇ ಕೆಮ್ಮಿದ ನೋಡು, ಅಷ್ಟೇಯ. ನೀನು ಮಾತ್ರ ದೈರ್ಯವಾಗಿರು. ಅದ್ಸರಿ, ಯಾವಾಗಿಂದ ಮರ ಅತ್ತೀಯೆ?"

ಅದನ್ನು ಕೇಳುವಾಗ ಅವನ ಕಣ್ಣು ಗುಂಡಯ್ಯನ ಹೊಟ್ಟೆಯ ಮೇಲಿರಲಿಲ್ಲ, ಆಚೆಗೆ ಕಾಣುತ್ತಿದ್ದ ತನ್ನ ತೋಟದ ಮೇಲಿತ್ತು. ಬಂದವರೆಲ್ಲರದೂ ಇದೇ ಪಾಡು. ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿ ಇತ್ತು, ಅದು ಸ್ವಲ್ಪ ಎತ್ತರದಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿತ್ತು.

ಇನ್ನು ಪಥ್ಯ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೀನು ನಂಜು, ಅವರೆಕಾಳು ವಾಯು, ಮಜ್ಜಿಗೆ ಶೀತ. ಡಾಕ್ಟರು ಏನು ಬೇಕಾದರೂ ತಿನ್ನು ಎಂದಿದ್ದರು. ಆದರೆ ಡಾಕ್ಟರು ಹಾಸನದಲ್ಲಿದ್ದರು, ನಂಜಿನ ವಿಚಾರ ಬಲ್ಲವರು ಬೀದಿ ತುಂಬ ಇದ್ದರು. ಅವರೆಕಾಯಿಯ ಕಾಲ ಬೇರೆ, ಊರಿಗೆ ಊರೇ ಹಿಸುಕಿದ ಬೇಳೆಯ ಸಾರಿನಲ್ಲಿ ಘಮಗುಟ್ಟುತ್ತಿರುವಾಗ ಗುಂಡಯ್ಯನ ಪಾಲಿಗೆ ಉಳಿದದ್ದು ಗಂಜಿ ಮತ್ತು ಉಪದೇಶ.

ಗಂಜಿಯನ್ನೂ ಉಪದೇಶವನ್ನೂ ಅವನು ಹೇಗೋ ನುಂಗಿದ. ನುಂಗಲಾಗದೆ ಇದ್ದದ್ದು ಬರೀ ನೆಲ. ದಿನವೂ ಜಗುಲಿಯ ಮೇಲೆ ಕುಳಿತು ಮರಗಳ ತುದಿ ನೋಡುತ್ತಿದ್ದ. ಬೀದಿಯಲ್ಲಿ ಯಾರು ಬಂದರೂ ಏಳಬೇಕು, ಕೈ ಮುಗಿಯಬೇಕು, 'ಗೌಡ್ರೇ' ಎನ್ನಬೇಕು. ಮೊದಲೂ ಇದೆಲ್ಲ ಇತ್ತು, ಆದರೆ ಆಗ ದಿನಕ್ಕೆ ನಾಲ್ಕು ಗಂಟೆಯಾದರೂ ಇದರಿಂದ ಬಿಡುವಿತ್ತು. ಈಗ ಬೆಳಿಗ್ಗೆಯಿಂದ ಸಂಜೆಯವರೆಗೂ ಅವನು ಬರೀ ನೆಲದ ಗುಂಡಯ್ಯ. ಮರದ ಮೇಲಿನ ಗುಂಡಯ್ಯನನ್ನು ಹಾಸನದಲ್ಲೇ ಕೊಯ್ದು ಎಸೆದುಬಿಟ್ಟರೇನೋ ಎಂದು ಒಂದೊಂದು ಸಲ ಅವನಿಗೆ ಹೆದರಿಕೆಯಾಗುತ್ತಿತ್ತು. ಇದನ್ನು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆಂದು ಸುಮ್ಮನಿದ್ದ.

ಊರಿನವರೂ ಸುಮ್ಮನೆ ಕೂತಿರಲಿಲ್ಲ. ಕಾಯಿಗಳು ಬಲಿತು ಒಣಗಿ ತಮ್ಮಷ್ಟಕ್ಕೆ ತಾವೇ ಉದುರತೊಡಗಿದ್ದವು. ಒಂದು ಕಾಯಿ ಕಾಂತರಾಜುವಿನ ಕಾರಿನ ಮುಂದಿನ ಗಾಜು ಒಡೆಯಿತು. ಇನ್ನೊಂದು ಬೆಟ್ಟಮ್ಮನ ಕೊಟ್ಟಿಗೆಯ ಹೆಂಚು ಒಡೆದು ಹಸುವಿನ ಬಾನಿಗೆ ಬಿತ್ತು. ಬೆಟ್ಟಮ್ಮ ಕಾಂತರಾಜುವಿನ ದೊಡ್ಡಮ್ಮ, ಗಂಡ ಹೋದ ಮೇಲೆ ತೋಟವನ್ನೂ ಅರ್ಧ ಊರನ್ನೂ ತಾನೇ ಆಳುತ್ತಿದ್ದ ಹೆಂಗಸು. ಅವಳ ಬಾಯಿ ಬಿದ್ದ ಕಾಯಿಗಿಂತ ಜೋರು. ಹೊರಗಿನಿಂದ ಮರ ಹತ್ತುವವರನ್ನು ಕರೆಸಿ ನೋಡಿದರು. ಅವರು ಗೂಡ್ಸ್ ಆಟೋದಲ್ಲಿ ಹಾಡು ಹಾಕಿಕೊಂಡು ಬಂದು, ಒಂದು ಸಾಲು ಮರಗಳನ್ನು ಬಲಿತದ್ದು ಎಳೆಯದು ಎನ್ನದೆ ಹೊಂಬಾಳೆಯ ಸಮೇತ ಬೋಳಿಸಿ ಹೋದರು. ಆಮೇಲೆ ಕಾಂತರಾಜು ಮರ ಹತ್ತುವ ಯಂತ್ರ ತರಿಸಿದ. ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಹತ್ತಿದ. ಆಳೆತ್ತರಕ್ಕೆ ಹೋಗುವಷ್ಟರಲ್ಲಿ ಯಂತ್ರ ಕಚ್ಚಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಾಲ್ಕು ಜನ ಸೇರಿ ಇಳಿಸಿಕೊಂಡರು. ಯಂತ್ರ ಸರಿಯಿಲ್ಲ ಎಂದು ಅವನು ಅಲ್ಲಿಂದಲೇ ಹೇಳಿದ. ಈಗ ಅದು ಕೊಟ್ಟಿಗೆಯಲ್ಲಿದೆ, ಕೋಳಿಗಳು ಅದರ ಮೇಲೆ ಮಲಗುತ್ತವೆ.

ಮೂರು ತಿಂಗಳು ಕಳೆದ ಮೇಲೆ ಗಂಡ ಹೆಂಡತಿ ಹಾಸನಕ್ಕೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಕೆಮ್ಮಿಸಿದರು. "ಗಾಯ ಚೆನ್ನಾಗಿ ಕೂಡಿಕೊಂಡಿದೆ. ಬೆಲ್ಟ್ ಹಾಕ್ಕೊಂಡು ನಿಧಾನವಾಗಿ ಶುರು ಮಾಡಿ. ಮೊದಲು ಚಿಕ್ಕ ಮರ, ಒಂದೊಂದೇ" ಎಂದರು. ಗುಂಡಯ್ಯನಿಗೆ ಅಲ್ಲೇ ಆಸ್ಪತ್ರೆಯ ಕಂಬ ಹತ್ತಿಬಿಡುವಷ್ಟು ಖುಷಿಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಪಾರ್ವತಮ್ಮ ಚನ್ನರಾಯಪಟ್ಟಣ ದಾಟುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಬಸ್ಸಿನ ಅರ್ಧ ಜನಕ್ಕೆ ಕೇಳುವ ಹಾಗೆ ಹೇಳಿದಳು.

"ನೀನು ಮರ ಅತ್ತಂಗಿಲ್ಲ. ನಿನ್ನ ಆಪ್ರೇಷನ್ನಿಗೆ ಒಳೀಕೆ ಕರ್ಕಂಡೋದಾಗ ನಾನು ಕೋಡಮ್ಮಂಗೆ ಹರಕೆ ಕಟ್ಕಂಡಿದ್ದೀನಿ. ಇವ್ನ ಜೀವ ಉಳಿಸ್ಕೊಡು ತಾಯಿ, ಇನ್ಮ್ಯಾಕೆ ಮರ ಅತ್ತುಸಕಿಲ್ಲ ಅಂತ."

ಗುಂಡಯ್ಯನ ಮುಖ ಬಾಡಿದ ಬಾಳೆಲೆಯಾಯಿತು. ಕೆರೆ ಕೋಡಿಯ ಮೇಲಿನ ಕೋಡಮ್ಮ ಊರಿನ ದೇವತೆ, ಮಾತಿಗೆ ತಪ್ಪಿದವರನ್ನು ಬಿಟ್ಟವಳಲ್ಲ ಎಂದು ಪ್ರತೀತಿ. ಅವನಿಗೆ ಹೆಂಡತಿಯನ್ನು ಎದುರಿಸುವ ಧೈರ್ಯ ಅಷ್ಟಕ್ಕಷ್ಟೇ. ಹೆಂಡತಿಯ ಬೆನ್ನಿಗೆ ಕೋಡಮ್ಮನೂ ನಿಂತರೆ ಕೇಳಬೇಕೆ?

ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಜೆ ಬೆಟ್ಟಮ್ಮನ ಜಗುಲಿಯ ಮೇಲೆ ತೋಟದವರೆಲ್ಲ ಸೇರಿದರು. ಯಾರೋ ಸತ್ತ ಮನೆಯಂಥ ಮುಖಗಳು. ಹರಕೆ ಮುರಿಸಿದ ಪಾಪ ಯಾರ ತಲೆಗೆ ಬರುತ್ತದೆಂಬ ಲೆಕ್ಕಾಚಾರ ನಡೆಯಿತು. ಮರ ಗುಂಡಯ್ಯನದಲ್ಲ, ಹಾಗಾಗಿ ಮರದ ಯಜಮಾನನಿಗೇ ಬರುತ್ತದೆ ಎಂದು ಯಾರೋ ಹೇಳಿದ್ದೇ ತಡ, ಎಲ್ಲರಿಗೂ ಭಕ್ತಿ ಉಕ್ಕಿತು. ಕೊನೆಗೆ ಬೆಟ್ಟಮ್ಮ ತೀರ್ಪು ಕೊಟ್ಟಳು.

"ಹರಕೆ ಕಟ್ಟೋರು ಮನುಸ್ರು, ಬಿಡ್ಸೋಳು ಅಮ್ಮ. ನಾಳೀಕೆ ಮಂಗಳವಾರ. ಹೂ ಕೇಳಾನ."

ಕೋಡಮ್ಮನ ಮೂರ್ತಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳುವುದು ಅಲ್ಲಿನ ಪದ್ಧತಿ. ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಮದುವೆ, ಬೋರ್‌ವೆಲ್ಲು, ಚುನಾವಣೆ, ಎಲ್ಲಕ್ಕೂ ಊರು ಹೀಗೇ ಕೇಳಿಕೊಂಡು ಬಂದಿದೆ. ಆದ್ದರಿಂದ ಗುಂಡಯ್ಯನ ಹೊಟ್ಟೆಗೂ ಕೇಳುವುದರಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಹರಕೆ ಕಟ್ಟಿಕೊಂಡವಳನ್ನು ಕರೆಯಬೇಕೆಂದೂ ಯಾರಿಗೂ ಹೊಳೆಯಲಿಲ್ಲ.

ಗುಂಡಯ್ಯನನ್ನು ಮಾತ್ರ ಕರೆದಿದ್ದರು. ಅವನು ಹೊರಗೆ ಹೊಂಗೆ ಮರದ ಕೆಳಗೆ ನಿಂತ. ಗುಡಿಯೊಳಗೆ ಬರಬೇಡ ಎಂದು ಅವನ ಕೇರಿಯವರಿಗೆ ಈಗ ಯಾರೂ ಹೇಳುವುದಿಲ್ಲ, ಕಾಲ ಬದಲಾಗಿದೆ. ಬಾ ಎಂದೂ ಯಾರೂ ಹೇಳುವುದಿಲ್ಲ, ಅಷ್ಟೊಂದು ಬದಲಾಗಿಲ್ಲ. ಹೊಟ್ಟೆ ಗುಂಡಯ್ಯನದು, ಬಲೆ ಗುಂಡಯ್ಯನದು, ಹರಕೆ ಗುಂಡಯ್ಯನ ಹೆಂಡತಿಯದು. ಒಳಗೆ ನಿಂತು ಕೇಳುವವರು ಮಾತ್ರ ಕಾಯಿಯ ಯಜಮಾನರು. ಆದರೂ ಆ ಹೊತ್ತಿನಲ್ಲಿ ಗುಂಡಯ್ಯನಿಗೆ ಇದೊಂದೂ ತೋಚಲಿಲ್ಲ. ಅಮ್ಮ ಬಲಕ್ಕೆ ಕೊಟ್ಟರೆ ಸಾಕು ಎಂದು ಕೈ ಮುಗಿದು ನಿಂತಿದ್ದ.

ಪೂಜಾರಿ ರಾಮಣ್ಣ ಗಟ್ಟಿಯಾಗಿ ಕೇಳಿದ. "ತಾಯೀ, ಗುಂಡಯ್ಯ ಮೊದ್ಲಿನಂಗೆ ಎಲ್ಲಾ ಮರ ಅತ್ತಿ ಕಾಯಿ ಕೀಳಬೌದಾ? ಬಲಕ್ಕೆ ಕೊಡವ್ವಾ."

ಎಡದ ಹೂ ಪಟಕ್ಕನೆ ಬಿತ್ತು.

ಹೊರಗೆ ಗುಂಡಯ್ಯ ಮುಗಿದ ಕೈ ಇಳಿಸಿದ. ಒಳಗೆ ಕಾಂತರಾಜು ಪೂಜಾರಿಯನ್ನು ಬಯ್ದ. "ಎಲ್ಲಾ ಮರ ಅಂತ ಯಾಕೆ ಕೇಳ್ದೆ? ಎಲ್ಲಾ ಅಂದ್ರೆ ಅಮ್ಮಂಗೆ ಸಿಟ್ಟು ಬರಾಕಿಲ್ವ? ನಮ್ ತ್ವಾಟದ್ದು ಅಂತ ಕೇಳು."

ಹೊಸ ಹೂ ಅಂಟಿಸಿ ಹಾಗೇ ಕೇಳಿದರು. ಎಡಕ್ಕೇ ಕೊಟ್ಟಳು. ಉಳಿದ ಯಜಮಾನರಿಗೆ ಇದರಿಂದ ಒಳಗೊಳಗೇ ಸಮಾಧಾನವಾದದ್ದೂ ಉಂಟು. ಮೂರನೆಯ ಸಲ ವಾರಕ್ಕೆ ಒಂದು ದಿನ ಮಾತ್ರ ಎಂದು ಕೇಳಿದಾಗ ಯಾವ ಹೂವೂ ಬೀಳಲಿಲ್ಲ. ಕಾಂತರಾಜು ಫ್ಯಾನು ಹಾಕಿಸಿದ. ಬೆಟ್ಟಮ್ಮ ಫ್ಯಾನು ಆರಿಸಿದಳು.

"ಥೂ, ನಿಮ್ ಬುದ್ಧಿಗಿಷ್ಟು," ಎಂದಳು. "ಕಾಯಿ ಕಾಯಿ ಅಂತ ಬಾಯಿ ಬುಟ್ರೆ ನಾವು ಆಸೆಬುರುಕ್ರು ಅಂದ್ಕಳಾಕಿಲ್ವ ಅಮ್ಮ? ಕಾಯಿ ಮಾತೇ ಎತ್ತಬ್ಯಾಡಿ. ಅವ್ನು ಒಂದ್ಸಲ ಸುಮ್ಕೆ ಅತ್ತಿ ಇಳೀಲಿ ಅಂತ ಕೇಳಿ. ಒಂದ್ಸಲ ಅತ್ತಿದ್ರೆ ಹರಕೆ ಮುರುದಂಗಾಯ್ತು, ಆಮ್ಯಾಕೆ ನಮ್ದೇ ರಾಜ್ಯ."

ಎಲ್ಲರೂ ತಲೆದೂಗಿದರು. ರಾಮಣ್ಣನಿಗೂ ಗುಡಿಯ ಹಿಂದೆ ನಾಲ್ಕು ಮರಗಳಿದ್ದವು. ಅವನು ಎಡದ ಹೂವನ್ನು ಚೆನ್ನಾಗಿ ನೆನೆಸಿ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ, ಬಲದ ಹೂವನ್ನು ಹಾಗೆ ಸುಮ್ಮನೆ ತಾಗಿಸಿದ. "ತಾಯೀ, ಗುಂಡಯ್ಯ ಒಂದೇ ಒಂದ್ಸಲ ಮರ ಅತ್ತಿ ಇಳಿಬೌದಾ?"

ಪ್ರಶ್ನೆ ಮುಗಿಯುವ ಮೊದಲೇ ಬಲದ ಹೂ ಬಿತ್ತು. ಗಂಟೆ ಬಾರಿಸಿದರು. ಹೊರಗೆ ನಿಂತಿದ್ದ ಗುಂಡಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಒಳಗೆ ನಡೆದದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು, ಆದರೆ ಸಂತೋಷದಲ್ಲಿ ಅದು ತಲೆಗೆ ಹತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. "ಅಮ್ಮ ಬಲಕ್ಕೆ ಕೊಟ್ಬುಟ್ಲು ಕಣೆ. ನಿನ್ ಹರಕೆ ತೀರ್ತು."

ಪಾರ್ವತಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ಕೆಳಗಿಟ್ಟು ಅವನನ್ನೇ ನೋಡಿದಳು. ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾವ ಹರಕೆ? ನಾನ್ಯಾವ ಹರಕೇನೂ ಕಟ್ಕಂಡಿಲ್ಲ."

ಗುಂಡಯ್ಯ ಜರಡಿಯನ್ನು ಪಕ್ಕಕ್ಕೆ ಸರಿಸಿ ಅವಳ ಮುಖ ನೋಡಿದ.

"ನಿನ್ನ ಒಳೀಕೆ ಕರ್ಕಂಡೋದಾಗ ನಂಗೆ ದೇವ್ರೂ ನೆಪ್ಪಾಗ್ಲಿಲ್ಲ ದಿಂಡ್ರೂ ನೆಪ್ಪಾಗ್ಲಿಲ್ಲ. ಗೋಡೆ ನೋಡ್ಕಂಡು ಕೂತಿದ್ದೆ. ಆ ಡಾಕ್ಟ್ರು ಮರ ಅತ್ತು ಅಂದಾಗ ಜೀವ ಜಲ್ಲಂತು. ನಾನು ಬ್ಯಾಡ ಅಂದ್ರೆ ಯಾರು ಕೇಳ್ತಾರೆ? ನೀನು ಕೇಳ್ತಿದ್ಯಾ? ಕಾಂತ್ರಾಜು ಕೇಳ್ತಿದ್ನಾ? ಅದ್ಕೇಯ ಅಮ್ಮನ ಹೆಸ್ರು ಹೇಳ್ದೆ."

"ಅಂಗಾರೆ ಹೂ?"

"ಮೊದ್ಲು ಎಲ್ಲಿಗೆ ಕೊಟ್ಲು?"

"ಎಡಕ್ಕೆ. ಎರಡ್ ಸಲ."

"ನೋಡ್ದಾ? ನಾನು ಕಟ್ಟದೆ ಇರೋ ಹರಕೇನೂ ಉಳಿಸ್ಕೊಡಾಕೆ ನೋಡವ್ಳೆ ತಾಯಿ. ಇಡೀ ಊರಲ್ಲಿ ನನ್ನ ಕಡೆ ನಿಂತೋಳು ಅವ್ಳೊಬ್ಬಳೇಯ. ಅವ್ಳ ಕೈಯ್ಯನ್ನೂ ತಿರುಗಿಸ್ಬುಟ್ರು."

ಗುಂಡಯ್ಯ ಗೋಡೆಗೆ ಒರಗಿ ಕುಳಿತ. ಈಗ ಬೆಟ್ಟಮ್ಮನ ಮಾತು, ರಾಮಣ್ಣನ ಪ್ರಶ್ನೆ, ಎಲ್ಲ ಒಂದೊಂದಾಗಿ ತಲೆಗೆ ಹತ್ತತೊಡಗಿತು. ತನ್ನ ಹೊಟ್ಟೆಯನ್ನು ನಡುವೆ ಇಟ್ಟುಕೊಂಡು ಊರು ದೇವರ ಹತ್ತಿರ ವ್ಯಾಪಾರ ಮಾಡಿತ್ತು, ತಾನು ಹೊರಗೆ ಕೈ ಮುಗಿದು ನಿಂತಿದ್ದ. ಅವನಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಹುಡುಕುತ್ತಿರುವಾಗ ಪಾರ್ವತಮ್ಮ ಕೇಳಿದಳು.

"ನಿಂಗೆ ಅತ್ತಬೇಕು ಅನ್ಸುತ್ತಾ?"

ಆಪರೇಷನ್ ಆದಂದಿನಿಂದ ಯಾವಾಗ ಹತ್ತುತ್ತೀಯ ಎಂದು ಕೇಳದವರಿಲ್ಲ. ಹತ್ತಬೇಕು ಅನಿಸುತ್ತದಾ ಎಂದು ಕೇಳಿದವಳು ಇವಳೊಬ್ಬಳು. ಗುಂಡಯ್ಯ ಬಾಗಿಲಾಚೆಯ ಮರಗಳ ಕಡೆ ನೋಡಿದ.

"ಅನ್ಸುತ್ತೆ ಕಣೆ. ಮ್ಯಾಲೆ ಇದ್ದಾಗ ನಾನೂ ಒಬ್ಬ ಮನುಸ ಅನ್ಸುತ್ತೆ. ಇಲ್ಲಿ ಅನ್ಸಾಕಿಲ್ಲ."

ಪಾರ್ವತಮ್ಮ ಜರಡಿ ಎತ್ತಿಕೊಂಡಳು. "ಅಂಗಾರೆ ಅತ್ತು. ಬೆಲ್ಟು ಬಿಗಿಯಾಗಿ ಕಟ್ಕ," ಎಂದಷ್ಟೇ ಹೇಳಿದಳು.

ಮಾರನೆಯ ಬೆಳಿಗ್ಗೆ ಕಾಂತರಾಜುವಿನ ತೋಟದಲ್ಲಿ ಊರೇ ನೆರೆದಿತ್ತು. ತೋಟದಲ್ಲೇ ಅತಿ ಎತ್ತರದ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿದ್ದರು. ಕಾಯಿ ತುಂಬಲು ಟ್ರ್ಯಾಕ್ಟರು ಬಂದು ನಿಂತಿತ್ತು. ಬೆಟ್ಟಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಗುಂಡಯ್ಯ ಹಾರ ಹಾಕಿದ ಮರದ ಕಡೆ ತಿರುಗಿಯೂ ನೋಡದೆ ಪಕ್ಕದ ಗಿಡ್ಡ ಮರಕ್ಕೆ ಕೈ ಹಚ್ಚಿದ.

"ಲೇ, ಅದಲ್ಲ ಕಣ್ಲಾ, ಇದು!" ಎಂದ ಕಾಂತರಾಜು.

"ಮೊದ್ಲು ಚಿಕ್ಕ ಮರ ಅಂದವ್ರೆ ಡಾಕ್ಟ್ರು, ಗೌಡ್ರೇ."

"ಆಯ್ತು, ಅದ್ನ ಮುಗಿಸ್ಕಂಡು ಇದುಕ್ಕೆ ಬಾ."

ಗುಂಡಯ್ಯ ಬೆಲ್ಟು ಬಿಗಿದು, ಕಾಲಿಗೆ ಬಳೆ ಹಾಕಿ, ಮರ ತಬ್ಬಿದ. ಮೊದಲ ಎಳೆತಕ್ಕೆ ಹೊಟ್ಟೆಯೊಳಗೆ ಏನೋ ಬಿಗಿ ಹಿಡಿದು ಬಿಟ್ಟಿತು. ಅರ್ಧ ದಾರಿಯಲ್ಲಿ ಉಸಿರು ಸಾಲದೆ ನಿಂತ. ಇದೇ ತೋಟದಲ್ಲಿ ಮರ ತಬ್ಬಿಕೊಂಡು ಕಣ್ಣು ಮುಚ್ಚಿದ್ದು ನೆನಪಾಯಿತು. ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಇಳಿದುಬಿಡೋಣ ಎಂದುಕೊಂಡು ಕೆಳಗೆ ನೋಡಿದ. ಅಷ್ಟೂ ಜನರ ಕಣ್ಣು ಗೊನೆಗಳ ಮೇಲಿತ್ತು. ಬೇಲಿಯ ಹತ್ತಿರ ನಿಂತಿದ್ದ ಪಾರ್ವತಮ್ಮನ ಕಣ್ಣು ಮಾತ್ರ ಅವನ ಹೊಟ್ಟೆಯ ಮೇಲಿತ್ತು. ಗುಂಡಯ್ಯ ಮತ್ತೆ ಕಾಲೆತ್ತಿ ಇಟ್ಟ, ಮತ್ತೆ ಇನ್ನೊಂದು. ಗರಿಯ ಬುಡ ಕೈಗೆ ಸಿಕ್ಕಾಗ ಅದನ್ನು ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡ.

ಮರದ ಮೇಲಿನ ಗುಂಡಯ್ಯ ಸತ್ತಿರಲಿಲ್ಲ. ಗಂಟಲು ತಾನಾಗಿ ತೆರೆಯಿತು.

"ಏಯ್ ಕಾಂತ್ರಾಜು! ದೂರ ಓಗಲೋ! ಬೆಟ್ಟಮ್ಮಾ, ಕುರ್ಚಿ ಎತ್ಕಂಡು ಏಳಮ್ಮೀ! ರಾಮಣ್ಣಾ, ನಿಂಗೇನು ಬ್ಯಾರೆ ಹೇಳಬೇಕಾ?"

ಜನ ಹೋ ಎಂದು ಚೆದುರಿದರು. ಬೆಟ್ಟಮ್ಮ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಓಡಿದಳು. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕಾದರು. ಕಾದೇ ಕಾದರು. ಒಂದು ಕಾಯಿಯೂ ಬೀಳಲಿಲ್ಲ. ಮೇಲೆ ಗುಂಡಯ್ಯ ಗರಿಗಳ ನಡುವೆ ಆರಾಮಾಗಿ ಕುಳಿತು, ಕೆರೆಯ ಕಡೆಯಿಂದ ಬರುತ್ತಿದ್ದ ಗಾಳಿಗೆ ಮುಖ ಕೊಟ್ಟಿದ್ದ. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿತ್ತು. ಇಂಥ ಸುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಅವನು ಬರೀ ಕಾಯಿಗೆಂದೇ ಹತ್ತಿದ್ದ. ಸಾಕೆನಿಸುವವರೆಗೆ ಕುಳಿತು, ಹತ್ತಿದ್ದಕ್ಕಿಂತ ನಿಧಾನವಾಗಿ ಇಳಿದ. ಕುಡುಗೋಲು ಸೊಂಟದಿಂದ ಹೊರಗೆ ಬಂದಿರಲೇ ಇಲ್ಲ.

"ಯಾಕ್ಲಾ? ನೋವಾಯ್ತಾ?" ಕಾಂತರಾಜು ಓಡಿ ಬಂದ.

"ಇಲ್ಲ ಗೌಡ್ರೇ, ಅಮ್ಮನ ದಯ, ಚೆನ್ನಾಗೈತೆ." ಗುಂಡಯ್ಯ ಟವೆಲ್ಲಿನಿಂದ ಬೆವರು ಒರೆಸಿಕೊಂಡ. ಟವೆಲ್ಲು ಹೆಗಲ ಮೇಲೇ ಉಳಿಯಿತು.

"ಮತ್ತೆ ಕಾಯಿ?"

"ಒಂದ್ಸಲ ಸುಮ್ಕೆ ಅತ್ತಿ ಇಳಿಯಾಕೆ ಅಂತ ತಾನೆ ನೀವು ಅಪ್ಪಣೆ ಕೇಳಿದ್ದು? ಅತ್ತಿದೆ, ಇಳಿದೆ. ಕಾಯಿ ಮಾತು ನೀವು ಎತ್ತಲೇ ಇಲ್ವಲ್ಲ. ದೇವ್ರ ಮಾತು ಮೀರಾಕಾಯ್ತದಾ?"

ಎಲ್ಲರೂ ಬೆಟ್ಟಮ್ಮನ ಕಡೆ ನೋಡಿದರು. ಬೆಟ್ಟಮ್ಮ ಮರದ ಕಡೆ ನೋಡಿದಳು. ಟ್ರ್ಯಾಕ್ಟರಿನವನು ಎಂಜಿನ್ ಆರಿಸಿದ.

"ಸರಿ ಬುಡು," ಎಂದ ಕಾಂತರಾಜು ಹಲ್ಲು ಕಚ್ಚಿ. "ನಾಳೆ ಇನ್ನೊಂದ್ಸಲ ಹೂ ಕೇಳಾನ."

ಆಗ ಬೇಲಿಯ ಹತ್ತಿರದಿಂದ ಪಾರ್ವತಮ್ಮ ಬಂದಳು. ಊರಿನ ಗಂಡಸರ ನಡುವೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ದೇವ್ರನ್ನ ಯಾಕೆ ಸುಸ್ತು ಮಾಡ್ತೀರಿ ಗೌಡ್ರೇ? ಹೊಟ್ಟೆ ನನ್ ಗಂಡಂದು. ಕೇಳೋದಿದ್ರೆ ಅವ್ನ ಕೇಳಿ, ನನ್ ಕೇಳಿ. ನಮ್ಮನೇಗೆ ಬನ್ನಿ. ಒಳೀಕೆ ಬಂದು ಕುಂತ್ಕಂಡು ಕೇಳಿ. ಕಾಪಿ ಕಾಯಿಸ್ತೀನಿ, ಕುಡ್ಕಂಡು ಕೇಳಿ. ಕೊಯ್ಯಲ್ಲ ಅನ್ನಾಕಿಲ್ಲ ಅವ್ನು."

ಗೌಡರು ಆ ಕೇರಿಯ ಮನೆಯೊಳಗೆ ಕೂತು ಕಾಫಿ ಕುಡಿಯುವುದೆಂದರೆ ಏನೆಂದು ಹೊಂಗೇಕೊಪ್ಪಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಂತರಾಜು ತನ್ನ ಚಪ್ಪಲಿ ನೋಡಿಕೊಂಡ. ಗಂಡ ಹೆಂಡತಿ ಮನೆಯ ಕಡೆ ನಡೆದರು.

ಎರಡು ವಾರ ಯಾರೂ ಬರಲಿಲ್ಲ. ಆಮೇಲೆ ಒಂದು ಸಂಜೆ ಬೆಟ್ಟಮ್ಮ ಬಂದಳು. ಕೊಟ್ಟಿಗೆಯ ಮೇಲೆ ಇನ್ನೆರಡು ಕಾಯಿ ಬಿದ್ದಿದ್ದವು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆ ಕಡೆ ಈ ಕಡೆ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಬಂದು ಚಾಪೆಯ ಮೇಲೆ ಕುಳಿತಳು. ಪಾರ್ವತಮ್ಮ ಕೊಟ್ಟ ಲೋಟವನ್ನು ಕಷಾಯ ಹಿಡಿದಂತೆ ಹಿಡಿದು, ಕಣ್ಣು ಮುಚ್ಚಿ ಕುಡಿದಳು. ಕುಡಿದು ಲೋಟ ಕೆಳಗಿಟ್ಟವಳು, "ಸಕ್ಕರೆ ಜಾಸ್ತಿಯಾಯ್ತು ಕಣಮ್ಮಿ, ನಂಗೆ ಶುಗರೈತೆ, ನಾಳೀಕೆ ಕಮ್ಮಿ ಹಾಕು" ಎಂದು ಬಯ್ದಳು. ಅವಳ ತೋಟದ ಕಾಯಿ ಆ ವಾರವೇ ಕೆಳಗಿಳಿಯಿತು, ದಿನಕ್ಕೆ ನಾಲ್ಕೇ ಮರದಂತೆ, ಬೆಲ್ಟು ಕಟ್ಟಿಕೊಂಡು. ಅವಳನ್ನು ನೋಡಿ ಇನ್ನೂ ಒಂದಿಬ್ಬರು ಬಂದರು. ರಾಮಣ್ಣ ಹಿಂಬಾಗಿಲಿನಿಂದ ಬಂದು, ಕಾಫಿ ಕುಡಿದು, ಹಿಂಬಾಗಿಲಿನಿಂದಲೇ ಹೋದ.

ಕಾಂತರಾಜು ಮಾತ್ರ ಇನ್ನೂ ಬಂದಿಲ್ಲ. ಅವನ ಕಾಯಿಗಳು ಮರದಲ್ಲೇ ಒಣಗಿ ತಮಗೆ ಬೇಕಾದಾಗ ಬೀಳುತ್ತಿವೆ. ಪೊಲೀಸರು ಎಷ್ಟು ಸಲ ಹಿಡಿದರೂ ಬೈಕ್ ಓಡಿಸುವಾಗ ಹೆಲ್ಮೆಟ್ ಹಾಕದ ಮನುಷ್ಯ ಅವನು. ಈಗ ಬೆಳಿಗ್ಗೆ ಸಂಜೆ ತನ್ನ ಸ್ವಂತ ತೋಟಕ್ಕೆ ಹೆಲ್ಮೆಟ್ ಹಾಕಿಕೊಂಡು ಹೋಗುತ್ತಾನೆ.